ಹಳೆಯ ಐಷಾರಾಮಿ ಕಾರು ಅಗ್ಗಕ್ಕೆ ಸಿಗುತ್ತದೆ, ಆದರೆ ರಿಪೇರಿಗೆ ಯಾಕೆ ಅಷ್ಟೊಂದು ಖರ್ಚು?

ಕಾರಿನ ಬೆಲೆ ವರ್ಷ ಕಳೆದಂತೆ ಇಳಿಯುತ್ತದೆ, ಬಿಡಿಭಾಗಗಳ ಬೆಲೆ ಹಾಗೆ ಇಳಿಯುವುದಿಲ್ಲ. ಹತ್ತು ವರ್ಷ ಹಳೆಯದು ಮಾಮೂಲಿ ಕಾರಿನ ದರಕ್ಕೆ ಸಿಕ್ಕರೂ ಒಳಗಿನ ಗೇರ್‌ಬಾಕ್ಸ್, ಸೆನ್ಸರ್, ಕಂಪ್ಯೂಟರ್ ಎಲ್ಲ ದುಬಾರಿ ಕಾರಿನವೇ ಅಲ್ವಾ, ಕೆಟ್ಟರೆ ಆ ಲೆಕ್ಕದಲ್ಲೇ ದುಡ್ಡು ಕೊಡಬೇಕು.

ಜೊತೆಗೆ ಒಂದು ಸಣ್ಣ ದೋಷ ಇನ್ನೊಂದು ದೊಡ್ಡ ಭಾಗವನ್ನೂ ಕೆಡಿಸುತ್ತದೆ. ಏರ್ ಸಸ್ಪೆನ್ಷನ್ ನೋಡಿ. ಅದರಲ್ಲಿ ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು ಕಾರಿನ ಭಾರ ಹೊರುತ್ತವೆ. ವಯಸ್ಸಾದಂತೆ ರಬ್ಬರ್ ಬಿರುಕು ಬಿಡುತ್ತದೆ, ಗಾಳಿ ನಿಧಾನಕ್ಕೆ ಸೋರುತ್ತದೆ, ಆ ಕೊರತೆ ತುಂಬಲು ಕಂಪ್ರೆಸರ್ ಪದೇ ಪದೇ ಓಡಿ ಓಡಿ ಬಿಸಿಯಾಗಿ ಕೊನೆಗೆ ಸುಟ್ಟೇ ಹೋಗಬಹುದು. ಚೀಲವನ್ನು ಮೊದಲೇ ಬದಲಿಸಿದ್ದರೆ ಕಂಪ್ರೆಸರ್ ಉಳಿಯುತ್ತಿತ್ತು! ಕಾರು ಕಡಿಮೆ ಓಡಿದೆ ಅಂತ ಸುಮ್ನೆ ಸಮಾಧಾನ ಪಡಬೇಡಿ, ರಬ್ಬರ್ ನಿಂತಲ್ಲೇ ಹಳತಾಗುತ್ತದೆ.

ಇಂಥ ಕಾರು ಕೊಳ್ಳುವುದಾದರೆ, ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಹೋಗಿ ನೋಡಿ. ಒಂದು ಮೂಲೆ ಕುಸಿದಿದ್ದರೆ ಗಾಳಿ ಸೋರುತ್ತಿರುವ ಸಾಧ್ಯತೆ ಜಾಸ್ತಿ. ಸರ್ವಿಸ್ ದಾಖಲೆಯೇ ಇಲ್ಲದ ಕಾರನ್ನು ನಾನಂತೂ, ಎಷ್ಟೇ ಅಗ್ಗಕ್ಕೆ ಕೊಟ್ಟರೂ, ಕೊಳ್ಳಿ ಎಂದು ಹೇಳುವುದಿಲ್ಲ.