ಮಾವನವರ ಮರೆವಿಗೆ ಬರೀ ವಯಸ್ಸು ಕಾರಣನಾ?

ಪ್ರಶ್ನೆ: ನಮ್ದು ಶ್ರೀನಿವಾಸಪುರ ಹತ್ರದ ಹಳ್ಳಿ, ಮಾವಿನ ತೋಟ ಇದೆ. ಮಾವನವರಿಗೆ 69. ಅತ್ತೆ ಹೋಗಿ ಎಂಟು ತಿಂಗಳಾಯ್ತು, ಅವತ್ತಿಂದ ತೋಟದ ಕಡೆ ಹೋಗಿಲ್ಲ. ಮಂಡಿ ಲೆಕ್ಕ ಎಲ್ಲಾ ಬಾಯಲ್ಲೇ ಹೇಳ್ತಿದ್ದೋರು ಈಗ ಏನ್ ತಿಂದ್ರಿ ಅಂದ್ರೆ "ಯಾರಿಗ್ ಗೊತ್ತಮ್ಮ, ನನ್ ತಲೆ ಹೋಯ್ತು" ಅಂತಾರೆ. ಮುದ್ದೆ ಅರ್ಧಕ್ಕೇ ಬಿಡ್ತಾರೆ, ಬೆಳಗಿನ ಜಾವ ಮೂರಕ್ಕೇ ಎದ್ದು ಜಗಲಿ ಮೇಲೆ ಕೂತಿರ್ತಾರೆ. ನಮ್ಮನೆಯವ್ರು ವಯಸ್ಸಾಯ್ತಲ್ಲ ಬಿಡು ಅಂತಾರೆ. ಇದು ಮರೆವಿನ ಕಾಯಿಲೆನಾ?
- ಒಬ್ಬ ಸೊಸೆ, ಕೋಲಾರ ಜಿಲ್ಲೆ

ಉತ್ತರ: ಬಿಡಬೇಡಿ ತಾಯಿ. ಓದ್ತಾ ನಂಗೆ ಜಾಸ್ತಿ ಚಿಂತೆ ಆಗಿದ್ದು ಆ ಅರ್ಧ ಮುದ್ದೆ, ಆ ಮೂರು ಗಂಟೆ ಎಚ್ಚರ. ಇವು ಡಿಪ್ರೆಶನ್ನಿನ, ಅಂದ್ರೆ ಖಿನ್ನತೆಯ ಗುರುತು ಇರ್ಬಹುದು. ಮನಸ್ಸು ಕುಸಿದಾಗ ಗಮನ ನಿಲ್ಲಲ್ಲ, ಗಮನ ಇಲ್ದೆ ಕೇಳಿದ್ದು ತಲೇಲಿ ಉಳಿಯಲ್ಲ, ನೋಡೋರಿಗೆ ಥೇಟ್ ಮರೆವಿನ ಕಾಯಿಲೆ ಥರಾನೇ ಕಾಣುತ್ತೆ. ನಿಜವಾದ ಮರೆವಿನ ಕಾಯಿಲೆ, ಅಂದ್ರೆ ಡಿಮೆನ್ಷಿಯಾ, ಸಾಮಾನ್ಯವಾಗಿ ವರ್ಷಗಟ್ಟಲೆ ಮೆಲ್ಲಗೆ ಬರುತ್ತೆ, ಎಷ್ಟೋ ಜನ ಅದನ್ನ ಒಪ್ಕೊಳ್ಳೋದೇ ಇಲ್ಲ, ಏನೋ ಒಂದು ಹೇಳಿ ಮುಚ್ಚಾಕ್ತಾರೆ. ನಿಮ್ಮ ಮಾವ ತಾವೇ ತಲೆ ಹೋಯ್ತು ಅಂತ ಕೊರಗ್ತಿದಾರೆ, ಅದಕ್ಕೇ ಡಿಪ್ರೆಶನ್ ಇರ್ಬಹುದು ಅಂದಿದ್ದು.

ಆದ್ರೂ ಇಷ್ಟರಿಂದಲೇ ತೀರ್ಮಾನ ಮಾಡೋಕಾಗಲ್ಲ, ಎರಡೂ ಒಟ್ಟಿಗೆ ಇರ್ಬಹುದು, ಕೆಲವರಿಗೆ ಡಿಮೆನ್ಷಿಯಾ ಶುರುವಾಗೋದೇ ಹೀಗೆ ಮಂಕಾಗೋದ್ರಿಂದ. 2020ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ ಡಿಮೆನ್ಷಿಯಾಗೆ ದಾರಿ ಮಾಡೋ, ಆದ್ರೆ ನಾವು ಬದಲಾಯಿಸಬಹುದಾದ 12 ಅಂಶ ಗುರುತಿಸಿತ್ತು, ಅದ್ರಲ್ಲಿ ಖಿನ್ನತೆನೂ ಇದೆ, ಕಿವಿ ಕೇಳಿಸದಿರೋದೂ ಇದೆ. ನಿಮ್ಮ ಶ್ರೀನಿವಾಸಪುರದ ಹಳ್ಳಿಗಳಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್ಸಿ) ಮಿದುಳು ಸಂಶೋಧನಾ ಕೇಂದ್ರದೋರು 45 ದಾಟಿದವರ ನೆನಪಿನ ಶಕ್ತಿ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡ್ತಿದಾರೆ.

ಕೋಲಾರ ಜಿಲ್ಲಾಸ್ಪತ್ರೆಗೆ ಕರ್ಕೊಂಡೋಗಿ, 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಬ್ರೈನ್ ಕ್ಲಿನಿಕ್ ಶುರು ಮಾಡಿದ ಜಾಗಗಳಲ್ಲಿ ಅದೂ ಒಂದು. ಥೈರಾಯ್ಡ್, ಬಿ12 ಟೆಸ್ಟ್ ಮಾಡಿಸಿ, ಇವು ಕಮ್ಮಿ ಆದ್ರೂ ಮರೆವು ಬರುತ್ತೆ. ತಗೊಳ್ತಿರೋ ಮಾತ್ರೆಗಳನ್ನೆಲ್ಲಾ ಕವರಲ್ಲಿ ಹಾಕ್ಕೊಂಡು ಹೋಗಿ, ಮುಖ್ಯವಾಗಿ ನಿದ್ದೆ ಮಾತ್ರೆ, ಕೆಲವು ನೆನಪನ್ನ ಇನ್ನೂ ಮಂಕು ಮಾಡ್ತವೆ. ಡಿಪ್ರೆಶನ್ ಮಾತ್ರೆ ಕೊಟ್ರೆ ಗುಣ ಕಾಣೋಕೆ ವಾರಗಳೇ ಬೇಕು, ನಾಲ್ಕು ದಿನಕ್ಕೆ ನಿಲ್ಲಿಸ್ಬೇಡಿ. ಮನಸ್ಸು ಹಗುರಾದ್ಮೇಲೆ ನೆನಪಿನ ಪರೀಕ್ಷೆ ಮತ್ತೆ ಮಾಡಿಸಿ, ಆಗ್ಲೇ ನಿಜ ಗೊತ್ತಾಗೋದು.

ಇನ್ನೊಂದು. "ನಾನ್ಯಾಕಿರ್ಬೇಕು" ಅನ್ನೋ ಥರದ ಮಾತು ಬಂದ್ರೆ ಒಂದಿನಾನೂ ಕಾಯ್ಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ತೋಟಕ್ಕೆ ಹೊಡೆಯೋ ಔಷಧಿಗೆ ಇವತ್ತೇ ಬೀಗ ಹಾಕಿ, ಬೀಗದ ಕೈ ನಿಮ್ಮತ್ರಾನೇ ಇರ್ಲಿ.