ಮೀನಿನ ಚಿಕಿತ್ಸೆ ನೀರಿನಿಂದಲೇ ಆರಂಭವಾಗಲಿ

ಪ್ರಶ್ನೆ: ನಮ್ಮ ಮನೆಯ 40 ಲೀಟರಿನ ಅಕ್ವೇರಿಯಂನಲ್ಲಿ ಎರಡು ಗೋಲ್ಡ್ ಫಿಶ್‌ಗಳಿವೆ. ಕಳೆದ ವಾರ ನೀರನ್ನೆಲ್ಲ ಚೆಲ್ಲಿ, ಫಿಲ್ಟರಿನ ಸ್ಪಂಜನ್ನೂ ಕಲ್ಲುಗಳನ್ನೂ ನಲ್ಲಿಯಡಿ ತೊಳೆದು, ಹೊಸ ನೀರು ತುಂಬಿದೆವು. ಅಂದಿನಿಂದ ಒಂದು ಮೀನು ರೆಕ್ಕೆ ಮುದುರಿಕೊಂಡು ತಳದಲ್ಲೇ ಇರುತ್ತದೆ. ಆಗಾಗ ಮೇಲೆ ಬಂದು ಬಾಯಿ ತೆರೆದು ಉಸಿರಿಗಾಗಿ ಒದ್ದಾಡುತ್ತದೆ. ಬಾಲದಲ್ಲಿ ಕೆಂಪು ಗೆರೆಗಳಿವೆ. ಅಂಗಡಿಯವರು ಕೊಟ್ಟ ಮೆಥಿಲೀನ್ ಬ್ಲೂ ಎಂಬ ಸೋಂಕುನಿವಾರಕ ಔಷಧ ಹಾಕಬಹುದೇ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಸದ್ಯಕ್ಕೆ ಹಾಕಬೇಡಿ. ನೀವು ವಿವರಿಸಿದ ಲಕ್ಷಣಗಳು ಸೋಂಕಿಗಿಂತ ಹೆಚ್ಚಾಗಿ ನೀರು ಕೆಟ್ಟಿರುವುದನ್ನೇ ಸೂಚಿಸುತ್ತವೆ. ಮೀನು ತನ್ನ ಕಿವಿರುಗಳ ಮೂಲಕ ಹೊರಬಿಡುವ ಅಮೋನಿಯಾವನ್ನು ಸ್ಪಂಜು ಮತ್ತು ಕಲ್ಲುಗಳ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ತೊಳೆದಾಗ ಈ ಬ್ಯಾಕ್ಟೀರಿಯಾಗಳು ಬಹುಪಾಲು ನಾಶವಾಗುವುದರಿಂದ, ಸ್ವಚ್ಛವಾಗಿ ಕಾಣುವ ನೀರಿನಲ್ಲೇ ವಿಷ ಸೇರುತ್ತಾ ಹೋಗುತ್ತದೆ. ಮೆಥಿಲೀನ್ ಬ್ಲೂ ಉಳಿದ ಬ್ಯಾಕ್ಟೀರಿಯಾಗಳಿಗೂ ಹಾನಿ ಮಾಡುತ್ತದೆ.

ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಕಿಟ್‌ನಿಂದ ಇಂದೇ ನೀರನ್ನು ಪರೀಕ್ಷಿಸಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಪ್ರತಿದಿನ ಮೂರನೇ ಒಂದು ಭಾಗದಷ್ಟು ನೀರನ್ನು ಮಾತ್ರ ಬದಲಿಸಿ. ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿ, ಅದು ತೊಟ್ಟಿಯ ನೀರಿನಷ್ಟೇ ಬೆಚ್ಚಗಿದೆಯೇ ಎಂದು ನೋಡಿಕೊಂಡು ನಿಧಾನವಾಗಿ ಸುರಿಯಿರಿ. ಏರ್ ಪಂಪ್ ಹಗಲಿರುಳು ನಡೆಯಲಿ. ಎರಡು ದಿನ ಆಹಾರ ಬೇಡ. ಗೋಲ್ಡ್ ಫಿಶ್ ಅಷ್ಟು ಹಸಿವನ್ನು ಸುಲಭವಾಗಿ ತಾಳಿಕೊಳ್ಳುತ್ತದೆ, ತಿನ್ನದೆ ಉಳಿದ ಆಹಾರವಾದರೋ ಕೊಳೆತು ಅಮೋನಿಯಾ ಹೆಚ್ಚಿಸುತ್ತದೆ. ಅಯೋಡಿನ್ ಬೆರೆಸದ ಕಲ್ಲುಪ್ಪನ್ನು ಲೀಟರಿಗೆ 1 ಗ್ರಾಂನಂತೆ ಬೇರೆ ಪಾತ್ರೆಯಲ್ಲಿ ಕರಗಿಸಿ ಕಂತುಗಳಲ್ಲಿ ಸೇರಿಸಿದರೆ, ನೈಟ್ರೈಟ್ ಮೀನಿನ ರಕ್ತ ಸೇರುವುದು ಕಡಿಮೆಯಾಗುತ್ತದೆ. ಉಪ್ಪು ಆವಿಯಾಗಿ ಹೋಗುವುದಿಲ್ಲವಾದ್ದರಿಂದ, ಮುಂದೆ ಬದಲಿಸಿದ ನೀರಿನ ಪ್ರಮಾಣಕ್ಕಷ್ಟೇ ಹಾಕಬೇಕು.

ಸ್ಪಂಜನ್ನು ಇನ್ನು ಮುಂದೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಿ. ಎರಡು ಗೋಲ್ಡ್ ಫಿಶ್‌ಗಳಿಗೆ 40 ಲೀಟರ್ ಬಹಳ ಕಡಿಮೆ ಎಂಬುದನ್ನೂ ಹೇಳಲೇಬೇಕು. ಒಳ್ಳೆಯ ಆರೈಕೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಬಾಳಬಲ್ಲ ಈ ಮೀನುಗಳಿಗೆ 100 ಲೀಟರಿಗೂ ಮಿಗಿಲಾದ ತೊಟ್ಟಿ ಒದಗಿಸುವುದು ನಿಮ್ಮ ಹೊಣೆ.

ನೀರು ಸುಧಾರಿಸಿದ ಮೇಲೂ ಕೆಂಪು ಗೆರೆಗಳು ಹರಡಿದರೆ, ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳು ಕಂಡರೆ ಅಥವಾ ಹೊಟ್ಟೆ ಊದಿ ಹುರುಪೆಗಳು ಮೇಲೆದ್ದರೆ, ಮೀನಿನ ಚಿಕಿತ್ಸೆ ಬಲ್ಲ ಪಶುವೈದ್ಯರಿಗೆ ತಡಮಾಡದೆ ತೋರಿಸಿ.