ಮೊದಲ ದಿನ ಕರೆಂಟ್ ಇಡದಿದ್ದರೆ ಮೋಸವಾಯಿತೆಂದು ಅರ್ಥವಲ್ಲ

ಫಿಸಿಯೋಥೆರಪಿಗೆ ಹೋದರೆ ಮೊದಲ ದಿನ ನೋವಿಗೆ ಕರೆಂಟ್ ಮೆಷಿನ್ ಇಡಲಿಲ್ಲ ಎಂಬ ಒಂದೇ ದೂರು ಬೇರೆ ಬೇರೆ ಊರುಗಳಿಂದ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲದ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತಿದ್ದೇನೆ. ಉಳಿದ ಪ್ರಶ್ನೆಗಳಿಗೆ ಉತ್ತರ ಚಿಕ್ಕದು.

ಪ್ರಶ್ನೆ: ನನಗೆ 58 ವರ್ಷ. ಆರು ತಿಂಗಳಿಂದ ಬಲ ಮೊಣಕಾಲು ನೋವು; ಸಿಟಿ ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟ. ಎಕ್ಸ್‌ರೇ ನೋಡಿ ಸವೆತ ಎಂದರು. ಮಂಗಳೂರಿನ ಒಂದು ಖಾಸಗಿ ಫಿಸಿಯೋಥೆರಪಿ ಕ್ಲಿನಿಕ್‌ಗೆ ಹೋದರೆ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದರು, ಕಾಲು ಮಡಚಿಸಿ ಬಿಡಿಸಿದರು, ಕುರ್ಚಿಯಿಂದ ಎಬ್ಬಿಸಿ ಕೂರಿಸಿದರು, ಎರಡು ವ್ಯಾಯಾಮ ಹೇಳಿಕೊಟ್ಟು ಫೀಸು ತೆಗೆದುಕೊಂಡರು. ಕರೆಂಟ್ ಇಡಲೇ ಇಲ್ಲ. ನೆರೆಮನೆಯವರಿಗೆ ಮೊದಲ ದಿನವೇ ಮೆಷಿನ್ ಇಟ್ಟಿದ್ದರಂತೆ. ನಾನು ಬೇರೆ ಕಡೆ ಹೋಗಬೇಕೇ? (ಸುರತ್ಕಲ್‌ನ ಓದುಗರು)

ಉತ್ತರ: ಹೋಗಬೇಡಿ. ಆ ಮುಕ್ಕಾಲು ಗಂಟೆಯಲ್ಲಿ ನಡೆದದ್ದೇ ಮೊದಲ ಭೇಟಿಯ ಮುಖ್ಯ ಕೆಲಸ. ನೋವು ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೋ, ಸಕ್ಕರೆ ಕಾಯಿಲೆ ಇದೆಯೋ, ಹಿಂದೆ ಬಿದ್ದಿದ್ದೀರೋ ಎಂಬ ಪ್ರಶ್ನೆಗಳು ಕಾಲಹರಣವಲ್ಲ; ಮೊಣಕಾಲು ನೋವೆಂದು ಬಂದವರಲ್ಲಿ ತೊಂದರೆಯ ಮೂಲ ಸೊಂಟದ ಕೀಲಿನಲ್ಲಿರುವುದೂ ಉಂಟು. ಕಾಲು ಮಡಚಿಸಿದ್ದು ಕೀಲು ಎಷ್ಟು ಡಿಗ್ರಿ ಬಾಗುತ್ತದೆ ಎಂದು ನೋಡಲು. ಕುರ್ಚಿಯಿಂದ ಎಬ್ಬಿಸಿದ್ದು, ಕೈ ಊರದೆ 30 ಸೆಕೆಂಡಿನಲ್ಲಿ ಎಷ್ಟು ಸಲ ಏಳಬಲ್ಲಿರಿ ಎಂದು ಎಣಿಸಲು. ಈ ಅಂಕಿಗಳು ನಿಮ್ಮ ಚೀಟಿಯಲ್ಲಿ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ಬರೆದುಕೊಡಲು ಹೇಳಿ. ಅವಿಲ್ಲದಿದ್ದರೆ ಒಂದು ತಿಂಗಳ ನಂತರ ನೀವು ಸುಧಾರಿಸಿದಿರೋ ಇಲ್ಲವೋ ಎಂಬುದನ್ನು ನಿಮ್ಮ ಥೆರಪಿಸ್ಟ್ ಕೂಡ ಖಚಿತವಾಗಿ ಹೇಳಲಾರರು.

ಇನ್ನು ನೀವು ಕೇಳುವ ಕರೆಂಟ್. ಐಎಫ್‌ಟಿ ಆಗಲಿ, ಟೆನ್ಸ್ ಆಗಲಿ, ಚರ್ಮದ ಮೇಲೆ ಪ್ಯಾಡ್ ಇಟ್ಟು ಸಣ್ಣ ಪ್ರಮಾಣದ ವಿದ್ಯುತ್ ಹರಿಸುವ ಈ ಮೆಷಿನ್‌ಗಳು ನೋವನ್ನು ಸ್ವಲ್ಪ ಹೊತ್ತು ತಗ್ಗಿಸಬಹುದು. ನೋವಿನಿಂದ ವ್ಯಾಯಾಮವನ್ನೇ ಮಾಡಲಾಗದವರಿಗೆ ನಾನೂ ಕೆಲವೊಮ್ಮೆ ಇಡುತ್ತೇನೆ. ಆದರೆ ಸವೆದ ಕೀಲನ್ನು ಅವು ಮೊದಲಿನಂತೆ ಮಾಡುವುದಿಲ್ಲ, ಬಸ್ಸಿನ ಮೆಟ್ಟಿಲ ಮೇಲೆ ದೇಹವನ್ನು ಎತ್ತುವ ತೊಡೆಯ ಮುಂಭಾಗದ ಸ್ನಾಯುವಿಗೆ ನಿಮ್ಮ ಎರಡು ವ್ಯಾಯಾಮಗಳು ಕೊಡುವ ಬಲವನ್ನೂ ಅವು ಕೊಡುವುದಿಲ್ಲ. ಮಲಗಿಸಿ, ಮೆಷಿನ್ ಹಚ್ಚಿ, ಇಪ್ಪತ್ತು ನಿಮಿಷ ಯಾರೂ ಇತ್ತ ಸುಳಿಯದೆ ಗಂಟೆ ಬಾರಿಸಿದಾಗ ಕಳಿಸಿಕೊಡುವ ಕ್ಲಿನಿಕ್‌ಗಳು ನಮ್ಮ ಜಿಲ್ಲೆಗಳಲ್ಲೂ ಇವೆ ಎಂಬುದನ್ನು ನೋವಿನಿಂದಲೇ ಹೇಳುತ್ತೇನೆ. ಎದೆಯಲ್ಲಿ ಪೇಸ್‌ಮೇಕರ್ ಇದೆಯೇ ಎಂದು ಕೇಳದೆ ಮೆಷಿನ್ ಇಡಲು ಬಂದವರ ಮುಂದೆ ಒಂದು ಕ್ಷಣವೂ ಮಲಗಬೇಡಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬಿಸಿ ಶಾಖ ಕೊಟ್ಟು ಚರ್ಮ ಸುಟ್ಟ ಗಾಯಗಳನ್ನು ನಾನು ಕಂಡಿದ್ದೇನೆ. ಆದ್ದರಿಂದ ಚರ್ಮಕ್ಕೆ ಬಿಸಿ ತಣ್ಣಗೆ ಗೊತ್ತಾಗುತ್ತದೆಯೇ ಎಂದು ಮುಟ್ಟಿಸಿ ನೋಡದೆ ನಾನು ಯಾರಿಗೂ ಶಾಖ ಕೊಡುವುದಿಲ್ಲ, ಎಷ್ಟೇ ಒತ್ತಾಯಿಸಿದರೂ.

ಎರಡೇ ವ್ಯಾಯಾಮ ಎಂಬ ನಿಮ್ಮ ಬೇಸರವೂ ಸರಿಯಲ್ಲ. ಹತ್ತು ಹೇಳಿಕೊಟ್ಟರೆ ಮೂರನೆಯ ದಿನಕ್ಕೆ ಒಂದನ್ನೂ ಮಾಡದವರೇ ಹೆಚ್ಚು. ಸ್ನಾಯುವಿನ ಬಲದಲ್ಲಿ ಗಮನಕ್ಕೆ ಬರುವಷ್ಟು ವ್ಯತ್ಯಾಸ ಕಾಣಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಬೇಕು, ಅದೂ ಮನೆಯಲ್ಲಿ ಬಿಡದೆ ಮಾಡಿದರೆ. ಮಾಡುವಾಗ ಸ್ವಲ್ಪ ನೋವಾದರೆ ನಿಲ್ಲಿಸಬೇಕಿಲ್ಲ. ಆ ನೋವು ಮರುದಿನವೂ ಇಳಿಯದಿದ್ದರೆ ಅಥವಾ ಮೊಣಕಾಲು ಊದಿಕೊಂಡರೆ ಪ್ರಮಾಣ ಹೆಚ್ಚಾಯಿತೆಂದು ತಿಳಿದು ಮುಂದಿನ ಭೇಟಿಗೆ ಕಾಯದೆ ಫೋನ್ ಮಾಡಿ ಕೇಳಿ. ನಮ್ಮಲ್ಲಿ ಬೀಡಿ ಕಟ್ಟುವ ಹೆಂಗಸರು ದಿನವಿಡೀ ನೆಲದ ಮೇಲೆ ಕಾಲು ಮಡಚಿ ಕೂತು, ಸಂಜೆ ಐದು ನಿಮಿಷ ವ್ಯಾಯಾಮಕ್ಕೆ ಪುರುಸೊತ್ತಿಲ್ಲ ಎನ್ನುವಾಗ ನನಗೆ ಗದರುವ ಮನಸ್ಸಾಗುವುದಿಲ್ಲ, ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ ಎಂದಷ್ಟೇ ಹೇಳುತ್ತೇನೆ. ಬಿಡುವಿದ್ದೂ ಮಾಡದವರ ವಿಷಯ ಬೇರೆ.

ಹಣದ ಮಾತು ನೀವು ಎತ್ತಿದ್ದರಿಂದ ಇದನ್ನೂ ಹೇಳಬೇಕು. ಪರೀಕ್ಷೆಯನ್ನೇ ಮಾಡದೆ ಇಪ್ಪತ್ತು ಸಿಟ್ಟಿಂಗ್‌ಗೆ ಮುಂಗಡ ಕಟ್ಟಿ ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಎಷ್ಟು ಸಲ ಬರಬೇಕು, ಯಾವಾಗ ಮತ್ತೆ ಅಳೆಯುತ್ತೀರಿ, ಸುಧಾರಣೆ ಕಾಣದಿದ್ದರೆ ಯಾರ ಬಳಿ ಕಳಿಸುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ಮೊದಲ ದಿನವೇ ಸಂಕೋಚವಿಲ್ಲದೆ ಕೇಳಿ. ಸರಿಯಾದ ಥೆರಪಿಸ್ಟ್‌ಗೆ ಇದರಿಂದ ಸಿಟ್ಟು ಬರುವುದಿಲ್ಲ. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆಯ ಖರ್ಚನ್ನು ಹೆಚ್ಚಿನ ಆರೋಗ್ಯ ವಿಮೆಗಳು ಕೊಡುವುದಿಲ್ಲವಾದ್ದರಿಂದ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು. ನಿಮ್ಮಂಥ ಮೊಣಕಾಲಿಗೆ ವ್ಯಾಯಾಮ ಕಲಿತ ಮೇಲೆ ದಿನವೂ ಬರಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಪ್ರಶ್ನೆ: ಮಗ ಮರದಿಂದ ಬಿದ್ದು ಮೊಣಕೈ ಊದಿದೆ. ಉಳುಕು ತೆಗೆಯುವವರಿಂದ ಎಣ್ಣೆ ಹಾಕಿ ತಿಕ್ಕಿಸಿ ಆಮೇಲೆ ನಿಮ್ಮಲ್ಲಿಗೆ ಬರಬಹುದೇ? (ಕಾರ್ಕಳ)

ಉತ್ತರ: ಬೇಡ, ಖಂಡಿತ ಬೇಡ. ಮೊದಲು ಎಕ್ಸ್‌ರೇ, ಆಮೇಲೆ ಎಲುಬಿನ ವೈದ್ಯರು, ಅವರು ಹೇಳಿದ ಮೇಲೆ ನಾವು. ಪೆಟ್ಟಾದ ಮೊಣಕೈಯನ್ನು ತಿಕ್ಕಿದರೆ ಸ್ನಾಯುವಿನೊಳಗೆ ಎಲುಬು ಬೆಳೆದು ಕೈ ಶಾಶ್ವತವಾಗಿ ಬಾಗದಂತಾಗಬಹುದು. ಬಿದಿರಿನ ಸಲಾಕೆ ಇಟ್ಟು ಬಿಗಿಯಾಗಿ ಕಟ್ಟಿದರೆ ರಕ್ತ ಹರಿಯದೆ ಕೈಯನ್ನೇ ಕಳೆದುಕೊಳ್ಳಬೇಕಾದೀತು. ಅಜ್ಜನ ಕಾಲದಿಂದ ಹೀಗೇ ನಡೆದಿದೆ ಎಂಬ ವಾದವನ್ನು ಮಗುವಿನ ಕೈ ಮುಂದಿಟ್ಟುಕೊಂಡು ಮಾಡಬೇಡಿ.

ಪ್ರಶ್ನೆ: ಯೂಟ್ಯೂಬ್ ನೋಡಿ ಕತ್ತನ್ನು ಲಟಕ್ಕನೆ ತಿರುಗಿಸಿಕೊಳ್ಳಬಹುದೇ? (ಕಾಪು)

ಉತ್ತರ: ಕೂಡದು.

ಪ್ರಶ್ನೆ: ಫಿಸಿಯೋ ಎಂದು ಬೋರ್ಡು ಹಾಕಿದವರೆಲ್ಲ ಓದಿದವರೇ? (ಕುಂದಾಪುರ)

ಉತ್ತರ: ಅಲ್ಲ, ಈಗ ವೃತ್ತಿಯಲ್ಲಿರುವ ಹೆಚ್ಚಿನವರು ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷದ ಬಿಪಿಟಿ (ಫಿಸಿಯೋಥೆರಪಿ ಪದವಿ) ಓದಿ ಬಂದವರು, ಆ ಪ್ರಮಾಣಪತ್ರ ಗೋಡೆಯ ಮೇಲಿಲ್ಲದಿದ್ದರೆ ತೋರಿಸಲು ಕೇಳಿ.

ಪ್ರಶ್ನೆ: ಸೊಂಟನೋವಿಗೆ ಎಂಆರ್‌ಐ ಮಾಡಿಸಿಕೊಂಡೇ ಬರಬೇಕೇ? (ಉಡುಪಿ)

ಉತ್ತರ: ಹೆಚ್ಚಿನವರಿಗೆ ಬೇಕಿಲ್ಲ. ಆದರೆ ಸೊಂಟನೋವಿನ ಜೊತೆಗೆ ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಕಾಲು ಸೋತರೆ ನನ್ನ ಅಪಾಯಿಂಟ್‌ಮೆಂಟ್‌ಗಾಗಿ ಕಾಯಬೇಡಿ. ಆ ಗಂಟೆಯಲ್ಲೇ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.